ವೇಗದ ಅಳತೆಯೂ ನಮ್ಮ ‘ಬಿ’ ಅಕ್ಷರವೂ

ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಕಂಪ್ಯೂಟರಿಗೆ ಡಿಸ್ಕುಗಳನ್ನು ಜೋಡಿಸಲು ‘ಅಲ್ಟ್ರಾ-೧೬೦ ಸ್ಕಸಿ’ ಎಂಬ ತಂತಿಮಾರ್ಗ ಬಳಕೆಗೆ ಬಂತು. ಊರಿಂದೂರಿಗೆ ಗಾಜಿನ ಎಳೆಯ ಮೂಲಕ ಮಾಹಿತಿ ಸಾಗಿಸುವ ‘ಓಸಿ-೩’ ಎಂಬ ದರ್ಜೆಯ ವೇಗ ೧೫೫.೫೨. ಒಂದು ಕಡೆ ೧೬೦, ಇನ್ನೊಂದು ಕಡೆ ೧೫೫; ಎರಡೂ ಸರಿಸುಮಾರು ಸಮವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಮೊದಲನೆಯದು ಸೆಕೆಂಡಿಗೆ ಇಷ್ಟು ಮೆಗಾಬೈಟ್, ಎರಡನೆಯದು ಸೆಕೆಂಡಿಗೆ ಇಷ್ಟು ಮೆಗಾಬಿಟ್. ಎಂಟು ಬಿಟ್ಟುಗಳು ಸೇರಿ ಒಂದು ಬೈಟ್ ಆದಕಾರಣ ೧೬೦ನ್ನು ೮ರಿಂದ ಗುಣಿಸಬೇಕು. ಬರುವುದು ೧೨೮೦ ಮೆಗಾಬಿಟ್. ಆ ತಂತಿಯ ಓಟಕ್ಕೆ ಸರಿಗಟ್ಟಲು ಅಂತಹ ಎಂಟು ಗಾಜಿನ ಮಾರ್ಗಗಳೂ ಸಾಲವು.

ಇದು ವಿಜ್ಞಾನದ ವಿದ್ಯಾರ್ಥಿಗಳ ವಿಷಯ, ಇತಿಹಾಸ-ಅರ್ಥಶಾಸ್ತ್ರ ಓದುವವನಿಗೆ ಇದರಲ್ಲೇನು ಕೆಲಸ ಎಂದು ಕೆಲವು ಮಿತ್ರರು ಕೇಳಿದ್ದುಂಟು. ನನ್ನ ಉತ್ತರವಿಷ್ಟೆ: ಅಳತೆಯ ಪ್ರಶ್ನೆ ಎಲ್ಲಿದೆಯೋ ಅಲ್ಲಿ ಅರ್ಥಶಾಸ್ತ್ರವೂ ಇದೆ. ಸೇರು, ಕೊಳಗಗಳು ಊರಿಗೊಂದು ಪ್ರಮಾಣದಲ್ಲಿದ್ದ ಕಾಲದಲ್ಲಿ ನಷ್ಟವಾದದ್ದು ಯಾರಿಗೆಂಬುದನ್ನು ವಿವರಿಸಬೇಕಾಗಿಲ್ಲ. ಅದನ್ನು ಸರಿಪಡಿಸಲೆಂದೇ ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣದ ಕಾನೂನು ಬಂತು. ೧೯೫೭ರ ಏಪ್ರಿಲ್ ಒಂದರಿಂದ ರೂಪಾಯಿಗೆ ನೂರು ಪೈಸೆಯಾಯಿತು.

ಗಾಜಿನ ಮಾರ್ಗದ ಲೆಕ್ಕ ನೋಡಲು ಬಲು ಸೊಗಸಾಗಿದೆ. ದೂರವಾಣಿಯಲ್ಲಿ ಮನುಷ್ಯನ ಧ್ವನಿಯನ್ನು ಸೆಕೆಂಡಿಗೆ ೮೦೦೦ ಸಲ ಅಳೆಯುವುದು ರೂಢಿ. ಅದಕ್ಕೆ ಹೊಂದುವಂತೆ ಈ ಮಾರ್ಗದಲ್ಲಿಯೂ ಸೆಕೆಂಡಿಗೆ ೮೦೦೦ ಚೌಕಟ್ಟುಗಳು ಹೊರಡುತ್ತವೆ. ಒಂದೊಂದು ಚೌಕಟ್ಟಿನಲ್ಲಿ ೯ ಸಾಲು, ೯೦ ಕಂಬಸಾಲು. ಒಟ್ಟು ೮೧೦ ಬೈಟ್. ೮೧೦ನ್ನು ೮ರಿಂದಲೂ ೮೦೦೦ದಿಂದಲೂ ಗುಣಿಸಿದರೆ ೫೧.೮೪ ಮೆಗಾಬಿಟ್. ಇದೇ ‘ಓಸಿ-೧’. ಇದರ ಮೂರು ಪಾಲು ಓಸಿ-೩, ನಲವತ್ತೆಂಟು ಪಾಲು ಓಸಿ-೪೮, ಅಂದರೆ ೨೪೮೮.೩೨. ಈ ಕೊನೆಯ ಸಂಖ್ಯೆ ಹಳತಾಗಿ ಮರೆಯಾಗಿಲ್ಲ; ಇಂದು ಮನೆಮನೆಗೆ ಗಾಜಿನ ಎಳೆ ತರುವ ‘ಜಿಪಾನ್’ ಪದ್ಧತಿಯಲ್ಲಿಯೂ ಮನೆಯ ಕಡೆಗೆ ಬರುವ ವೇಗ ಅದೇ ೨೪೮೮.೩೨ ಮೆಗಾಬಿಟ್. ಅದನ್ನು ಹಲವು ಮನೆಗಳು ಹಂಚಿಕೊಳ್ಳಬೇಕು.

ಆದರೆ ೮೧೦ ಬೈಟ್ ಪೂರ್ತಿ ನಮ್ಮ ಸರಕಲ್ಲ. ಮೂರು ಕಂಬಸಾಲು ಮಾರ್ಗದ ಮೇಲ್ವಿಚಾರಣೆಗೆ, ಇನ್ನೊಂದು ಆ ದಾರಿಯ ಗುರುತಿಗೆ ಹೋಗುತ್ತದೆ. ಉಳಿದ ೮೬ ಕಂಬಸಾಲುಗಳಿಂದ ಸಿಕ್ಕುವುದು ೪೯.೫೩೬ ಮೆಗಾಬಿಟ್. ನಮ್ಮ ತಂದೆಯವರು ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವರಲ್ಲ. ಅವರಿಗೆ ಇದನ್ನು ಹೇಳಿದಾಗ, “ಗೋಣಿಯ ತೂಕ ಕಳೆದ ಹಾಗೆ ಅಲ್ಲವೇನಪ್ಪಾ?” ಎಂದರು. ನಾನು ಓದಿದ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಹೀಗೆ ಕಳೆದ ಮೇಲೂ ೧೯೮೬ರಲ್ಲಿ ಪ್ರಮಾಣಗೊಂಡ ಮೊದಲ ಸ್ಕಸಿಯ ವೇಗ, ಅಂದರೆ ೫ ಮೆಗಾಬೈಟ್, ೪೦ ಮೆಗಾಬಿಟ್ ಆದ್ದರಿಂದ ಓಸಿ-೧ರಲ್ಲಿ ಆರಾಮವಾಗಿ ಹಿಡಿಸುತ್ತದೆ. ಅನಂತರ ಬಂದ ಅಲ್ಟ್ರಾ-೩೨೦ ಮಾತ್ರ ೨೫೬೦ ಮೆಗಾಬಿಟ್ ಆಗಿ ಓಸಿ-೪೮ನ್ನೂ ಮೀರುತ್ತದೆ! ಪೆಟ್ಟಿಗೆಯೊಳಗಿನ ಗೇಣುದ್ದದ ಹಗ್ಗ, ಊರುಗಳ ನಡುವಿನ ಹೆದ್ದಾರಿಗಿಂತ ಅಗಲ.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಇಂಗ್ಲಿಷಿನಲ್ಲಿ ಬಿಟ್ಟಿಗೆ ಸಣ್ಣ ‘ಬಿ’, ಬೈಟಿಗೆ ದೊಡ್ಡ ‘ಬಿ’ ಬರೆದು ಭೇದ ತೋರಿಸುತ್ತಾರೆ. ಕನ್ನಡ ಲಿಪಿಯಲ್ಲಿ ಸಣ್ಣಕ್ಷರ ದೊಡ್ಡಕ್ಷರಗಳೆಂಬ ಭೇದವೇ ಇಲ್ಲ. ‘ಎಂಬಿ’ ಎಂದು ಬರೆದೊಡನೆ ಎಂಟು ಪಟ್ಟಿನ ವ್ಯತ್ಯಾಸ ಮಾಯವಾಗುತ್ತದೆ. ನಮ್ಮೂರಿನ ಅಂಗಡಿಯೊಂದರ ಗೋಡೆಗೆ ಅಂಟಿಸಿದ್ದ ಪ್ರಕಟಣೆಯಲ್ಲಿ ‘೧೦೦ ಎಂಬಿ ವೇಗ’ ಎಂದಿತ್ತು. ಅದನ್ನು ನಂಬಿ ಹಣ ಕಟ್ಟಿದ ನಮ್ಮ ಚಿಕ್ಕಪ್ಪನವರು, ೭೦೦ ಮೆಗಾಬೈಟಿನ ಚಲನಚಿತ್ರ ಏಳು ಸೆಕೆಂಡಿನಲ್ಲಿ ಇಳಿಯಬೇಕೆಂದು ಕಾದು ಕುಳಿತರು. ಅದು ೫,೬೦೦ ಮೆಗಾಬಿಟ್. ಎಲ್ಲವೂ ಸರಿಯಾಗಿದ್ದರೂ ೫೬ ಸೆಕೆಂಡು ಬೇಕು. ಕೇಳಲು ಹೋದರೆ ಅಲ್ಲಿಯವರು ನಕ್ಕರಂತೆ. ಪ್ರಕಟಣೆಯಲ್ಲಿ ಸುಳ್ಳಿರಲಿಲ್ಲ ಎಂಬುದು ನಿಜ. ತಿಳಿಯುವಂತೆ ಬರೆದಿರಲಿಲ್ಲ ಎಂಬುದೂ ನಿಜ.

ಇವು ಲೋಕವೆಲ್ಲ ಒಪ್ಪಿದ ಚಿಹ್ನೆಗಳು, ಇಂಗ್ಲಿಷಿನಲ್ಲೇ ಬರೆದರಾಯಿತು ಎಂದು ಹೇಳುವವರಿದ್ದಾರೆ. ತಜ್ಞರ ಪತ್ರಿಕೆಗೆ ಆ ಮಾತು ಒಪ್ಪತಕ್ಕದ್ದೇ. ಹಣ ಕೊಡುವವನು ಕನ್ನಡ ಮಾತ್ರ ಬಲ್ಲವನಾದಾಗ ಒಪ್ಪತಕ್ಕದ್ದಲ್ಲ. ‘ಬಿಟ್’ ಎಂಬ ಪದ ಕ್ಲಾಡ್ ಶಾನನ್ ಅವರ ೧೯೪೮ರ ಲೇಖನದಿಂದ ಪ್ರಚಾರಕ್ಕೆ ಬಂತು. ಅದನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ಅವರೇ ಬರೆದಿದ್ದಾರೆ. ‘ಬೈಟ್’ ೧೯೫೬ರಲ್ಲಿ ವರ್ನರ್ ಬುಖೋಲ್ಟ್ಸ್ ಅವರ ಸೃಷ್ಟಿ. ‘ಬಿಟ್’ ಎಂದು ಕೈತಪ್ಪಿ ಓದಬಾರದೆಂದೇ ಅದರ ಕಾಗುಣಿತವನ್ನು ಬೇರೆ ಮಾಡಿದರು. ಪದ ಹುಟ್ಟಿಸಿದವರಿಗೇ ಇದ್ದ ಎಚ್ಚರ ಪದ ಬಳಸುವ ನಮಗೆ ಬೇಡವೆ?

ಆದ್ದರಿಂದ ಕನ್ನಡದಲ್ಲಿ ‘ಎಂಬಿ’ ಎಂಬ ಸಂಕ್ಷೇಪವನ್ನೇ ಕೈಬಿಟ್ಟು, ‘ಮೆಗಾಬಿಟ್’, ‘ಮೆಗಾಬೈಟ್’ ಎಂದು ಪೂರ್ತಿ ಬರೆಯತಕ್ಕದ್ದೆಂದು ನನ್ನ ಅಭಿಪ್ರಾಯ. ಇದಕ್ಕೆ ತಗಲುವ ವೆಚ್ಚವೂ ಅಲ್ಪ. ಯೂನಿಕೋಡಿನ ‘ಯುಟಿಎಫ್-೮’ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದ ೧೫ ಬೈಟ್, ಅಂದರೆ ೧೨೦ ಬಿಟ್ ಹಿಡಿಯುತ್ತದೆ. ಪ್ರಕಟಣೆಗೆ ಇನ್ನೆರಡು ಅಕ್ಷರ ಸೇರಿದರೆ ಯಾವ ಗಾಜಿನ ಎಳೆಯೂ ಬಳಲದು. ನಮ್ಮ ಕಾಲೇಜಿನ ಕಂಪ್ಯೂಟರ್ ಕೊಠಡಿಯ ಬಾಗಿಲಲ್ಲಿಯೂ ‘೫೦ ಎಂಬಿ’ ಎಂಬ ಫಲಕವಿದೆ. ಅದನ್ನು ಮೊದಲು ತಿದ್ದಬೇಕೆಂದು ಪ್ರಾಂಶುಪಾಲರಲ್ಲಿ ವಿನಂತಿಸಿಕೊಳ್ಳುತ್ತೇನೆ. ಬಣ್ಣ ಮತ್ತು ಕುಂಚದ ಖರ್ಚನ್ನು ಅಂತಿಮ ವರ್ಷದ ತರಗತಿಯವರೇ ವಹಿಸಿಕೊಳ್ಳಲು ಸಿದ್ಧರಿದ್ದೇವೆ.