ಬಸುರಿಯ ಹಲ್ಲು, ಬಸುರಿಯ ಮನಸ್ಸು

ಪ್ರತಿ ತಿಂಗಳ 9ನೆಯ ತಾರೀಖು ನಮ್ಮ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರು ಸಾಲಾಗಿ ಕುಳಿತು, ತೂಕವನ್ನೂ ರಕ್ತದೊತ್ತಡವನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡು, ಕಬ್ಬಿಣಾಂಶದ ಗುಳಿಗೆಗಳನ್ನು ಪಡೆದು ಹಿಂದಿರುಗುವುದು ಸಂತೋಷದ ಸಂಗತಿಯೇ ಸರಿ. ಆದರೆ ‘ವಸಡಿನಲ್ಲಿ ರಕ್ತ ಬರುತ್ತದೇನಮ್ಮಾ?’ ಎಂದಾಗಲಿ, ‘ಮನಸ್ಸು ಹೇಗಿದೆ, ನಿದ್ದೆ ಬರುತ್ತದೆಯೆ?’ ಎಂದಾಗಲಿ ಅವರನ್ನು ಕೇಳುವವರು ವಿರಳ. ‘ಬಸುರಿನಲ್ಲಿ ಇದೆಲ್ಲ ಇದ್ದದ್ದೇ’ ಎಂಬ ಒಂದೇ ಮಾತಿನಿಂದ ಎರಡನ್ನೂ ತಳ್ಳಿಹಾಕುವುದು ನಮ್ಮ ವಾಡಿಕೆ.

ಇದ್ದದ್ದೆಂಬುದು ನಿಜವಾದರೂ ಉಪೇಕ್ಷಣೀಯವಲ್ಲ. ಪ್ರೊಜೆಸ್ಟರಾನ್ ಮೊದಲಾದ ಹಾರ್ಮೋನುಗಳು ಗರ್ಭಕಾಲದಲ್ಲಿ ಏರುವುದರಿಂದ, ಹಲ್ಲಿನ ಬುಡದ ಅಲ್ಪ ಕೊಳೆಗೂ ವಸಡು ಕೆರಳಿ, ಕೆಂಪಗೆ ಊದಿ, ಉಜ್ಜಿದೊಡನೆ ರಕ್ತ ಒಸರುತ್ತದೆ. ರಕ್ತ ಕಂಡು ಹೆದರಿದವಳು ಉಜ್ಜುವುದನ್ನೇ ಬಿಡುತ್ತಾಳೆ, ರೋಗ ಬಲಿಯುತ್ತದೆ. ವಾಂತಿಯ ಆಮ್ಲದಿಂದ ಹಲ್ಲಿನ ಹೊರಪದರ ಮೆತ್ತಗಾಗುವ ಕಾರಣ, ವಾಂತಿಯಾದ ತಕ್ಷಣ ಉಜ್ಜದೆ, ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆಸೋಡ ಕದಡಿ ಮುಕ್ಕಳಿಸಿ, ಅರ್ಧ ಗಂಟೆಯ ತರುವಾಯ ಉಜ್ಜುವುದು ಲೇಸು. ಮಗು ತಾಯಿಯ ಹಲ್ಲಿನ ಸುಣ್ಣವನ್ನು ಹೀರುತ್ತದೆಂಬುದು ಆಧಾರವಿಲ್ಲದ ಮಾತು. ಬಸುರಿಯ ಹಲ್ಲಿಗೆ ಕೈಹಚ್ಚಲೇಬಾರದೆಂಬುದಂತೂ ಅಪಾಯಕರವಾದ ಮಾತು. ನಾಲ್ಕರಿಂದ ಆರನೆಯ ತಿಂಗಳ ಅವಧಿ ದಂತಚಿಕಿತ್ಸೆಗೆ ಅತ್ಯಂತ ಅನುಕೂಲ. ಕೀವು, ಬಾವು ಕಾಣಿಸಿದರೆ ಅಷ್ಟೂ ಕಾಯಬಾರದು. ಹಲ್ಲು ಬಿದ್ದುಹೋದ ಬಡ ವೃದ್ಧರಿಗೆ ದಂತಭಾಗ್ಯ ಯೋಜನೆಯಲ್ಲಿ ಪುಕ್ಕಟೆಯಾಗಿ ಕಟ್ಟುಹಲ್ಲು ಕೊಡುವ ಸರಕಾರಕ್ಕೆ, ಇರುವ ಹಲ್ಲನ್ನು ತಾರುಣ್ಯದಲ್ಲೇ ಉಳಿಸುವುದು ಅಗ್ಗವೆಂದು ಹೊಳೆಯಬಾರದೆ?

ಮನಸ್ಸಿನ ಬೇನೆಯಾದರೋ ಕಣ್ಣಿಗೆ ಕಾಣದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ಶೇಕಡಾ 15.6ರಷ್ಟು ಗರ್ಭಿಣಿಯರು ಖಿನ್ನತೆಯೇ ಮೊದಲಾದ ಮಾನಸಿಕ ಅಸ್ವಾಸ್ಥ್ಯಕ್ಕೆ ಒಳಗಾಗುತ್ತಾರೆ. ಖಿನ್ನಳಾದವಳಿಗೆ ಮುಖ ತೊಳೆಯುವುದೂ ಭಾರ. ಹಲ್ಲುನೋವಿನಿಂದ ನಿದ್ದೆಗೆಟ್ಟವಳಿಗೆ ಪ್ರಸನ್ನತೆ ಎಲ್ಲಿಂದ ಬಂದೀತು? ಹೀಗೆ ಒಂದು ಬೇನೆ ಇನ್ನೊಂದನ್ನು ಪೋಷಿಸುತ್ತದೆ. ಸೀಮಂತದ ದಿನ ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ‘ಬಸುರಿ ಹೆಂಗಸು ಅಳಬಾರದು’ ಎಂದು ಗದರುವ ಹಿರಿಯರ ಅಕ್ಕರೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಆ ಗದರಿಕೆಯ ಮುಂದೆ ತನ್ನ ದುಗುಡವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾವ ಹುಡುಗಿಗೆ ಬಂದೀತು?

ಆದುದರಿಂದ ಆಶಾ ಕಾರ್ಯಕರ್ತೆಯರೂ ವೈದ್ಯರೂ ಮನೆಯವರೂ ಆ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಲಿ, ಕೇಳಿದ ಮೇಲೆ ಉತ್ತರಕ್ಕಾಗಿ ಒಂದಿಷ್ಟು ಹೊತ್ತು ಕಾದು ಕುಳಿತಿರಲಿ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ-ಶಿಶುಗಳಿಗೆಂದೇ ಮನೋಚಿಕಿತ್ಸೆಯ ವಿಭಾಗವಿದೆ. ಅಷ್ಟು ದೂರ ಹೋಗಲಾರದವರು ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಕರೆ ಮಾಡಿ, ಕನ್ನಡದಲ್ಲಿಯೇ, ಶುಲ್ಕವಿಲ್ಲದೆ ಮಾತನಾಡಬಹುದು.