ರೈಲ್ವೆ ಮಂತ್ರಿಯ ಅಣುಬಾಂಬು, ನಮ್ಮ ಟಿವಿಯ ಆರ್ಭಟ

ಪಾಕಿಸ್ತಾನದಲ್ಲಿ ಅಣುಬಾಂಬಿನ ಮಾತಾಡಲು ರೈಲ್ವೆ ಮಂತ್ರಿಗಳೇ ಯಾಕೆ ಎದ್ದು ನಿಲ್ಲುತ್ತಾರೋ ದೇವರೇ ಬಲ್ಲ! 2019ರಲ್ಲಿ ರೈಲ್ವೆ ಮಂತ್ರಿ ಶೇಖ್ ರಶೀದ್ ತಮ್ಮಲ್ಲಿ 125 ಗ್ರಾಂ, 250 ಗ್ರಾಂ ಅಣುಬಾಂಬುಗಳಿವೆ ಎಂದರು. ಮೈಸೂರು ಪಾಕು ತೂಗಿದ ಹಾಗೆ! ಕಿಲೋಗಟ್ಟಲೆ ಪ್ಲುಟೋನಿಯಂ ಅಥವಾ ಯುರೇನಿಯಂ ಇಲ್ಲದೆ ಬಾಂಬೇ ಆಗುವುದಿಲ್ಲ ಎಂಬುದು ಆ ಮಹಾಶಯರಿಗೆ ತಿಳಿದಿರಲಿಲ್ಲ. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್‌ನ 26 ಹೆಣಗಳ ಶೋಕ ಆರುವ ಮೊದಲೇ, ಇನ್ನೊಬ್ಬ ರೈಲ್ವೆ ಮಂತ್ರಿ ಹನೀಫ್ ಅಬ್ಬಾಸಿ 130 ಅಣ್ವಸ್ತ್ರಗಳನ್ನು ಭಾರತಕ್ಕೆಂದೇ ಇಟ್ಟಿದ್ದೇವೆ ಎಂದು ಗುಡುಗಿದರು. ಅಂದು ರಾತ್ರಿ ನಮ್ಮ ಟಿವಿಯವರಿಗೆ ಹಬ್ಬ.

ಮಾರನೆಯ ದಿನ ಹೋಟೆಲುಗಳಲ್ಲಿ ಎರಡೇ ಪಕ್ಷ. ಅವರ ಬಾಂಬೆಲ್ಲ ಟುಸ್ ಪಟಾಕಿ ಎನ್ನುವವರು ಒಂದು ಕಡೆ. ಒಂದು ಗುಂಡಿ ಒತ್ತಿದರೆ ಮುಗಿಯಿತು ಕಥೆ ಎನ್ನುವವರು ಇನ್ನೊಂದು ಕಡೆ. ಬೆದರಿಕೆ ಹಾಕಿದವನು ಯಾರು, ಅವನ ಕೈಯಲ್ಲಿ ಏನಿದೆ ಎಂದು ಕೇಳುವವರು ಎರಡೂ ಕಡೆ ಇಲ್ಲ.

ಪಟಾಕಿಯಂತೂ ಅಲ್ಲ ಸ್ವಾಮಿ. 1998ರ ಮೇ 28 ಮತ್ತು 30ರಂದು ಬಲೂಚಿಸ್ತಾನದಲ್ಲಿ ಸಿಡಿಸಿ ತೋರಿಸಿದ್ದಾರೆ. ಸ್ವೀಡನ್ನಿನ ಸಿಪ್ರಿ ಸಂಸ್ಥೆ 2025ರಲ್ಲಿ ಕೊಟ್ಟ ಅಂದಾಜಿನಂತೆ ಅವರಲ್ಲಿ 170, ನಮ್ಮಲ್ಲಿ 180. ಅವರು 2015ರಲ್ಲಿ ಪರೀಕ್ಷಿಸಿದ ಶಾಹೀನ್-3 ಕ್ಷಿಪಣಿಯ ದೂರ 2,750 ಕಿ.ಮೀ. ಕರಾಚಿಯಿಂದ ಬೆಂಗಳೂರಿಗೆ ಸುಮಾರು 1,700 ಕಿ.ಮೀ. ಗಡಿಯ ಗಲಾಟೆ ಉತ್ತರದವರಿಗೆ, ದಕ್ಷಿಣದವರಿಗೇನು ಎನ್ನುವ ಕನ್ನಡಿಗ ಈ ಲೆಕ್ಕ ನೋಡಲಿ.

ಹಾಗಾದರೆ ನಡುಗಬೇಕೇ? ಅದೂ ಬೇಡ. ಆ ಬಾಂಬಿನ ಕೀಲಿ ರೈಲ್ವೆ ಭವನದಲ್ಲಿಲ್ಲ. ಕಾಗದದ ಮೇಲೆ ಪ್ರಧಾನಿಯ ಅಧ್ಯಕ್ಷತೆಯ ಒಂದು ಉನ್ನತ ಮಂಡಳಿ ಇದೆ. ಆದರೆ ಗೊಂಚಲು ಇರುವುದು ರಾವಲ್ಪಿಂಡಿಯ ಸೇನಾಧಿಕಾರಿಗಳ ಸೊಂಟದಲ್ಲಿ. ನಮ್ಮ ಸೇನೆ ತಮ್ಮದಕ್ಕಿಂತ ದೊಡ್ಡದೆಂದು ಅವರಿಗೆ ಗೊತ್ತು. ಮೊದಲು ನಾವು ಬಳಸುವುದಿಲ್ಲ ಎಂದು ಭಾರತ 2003ರಲ್ಲಿ ಅಧಿಕೃತವಾಗಿ ಹೇಳಿತು. ಅವರು ಆ ಮಾತು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಯಾವಾಗ ಹಾಕುತ್ತಾರೋ ಎಂಬ ಅನುಮಾನವೇ ಅವರ ಬಂಡವಾಳ. 2025ರ ಮೇ 10ರ ಬೆಳಿಗ್ಗೆ ಆ ಮಂಡಳಿಯ ಸಭೆ ಕರೆದಿದ್ದಾರೆಂದು ಸುದ್ದಿ ಹಬ್ಬಿತು. ಅಂಥ ಸಭೆಯೇ ಇಲ್ಲ ಎಂದು ಅವರದೇ ರಕ್ಷಣಾ ಮಂತ್ರಿ ಹೇಳಿದರು. ಸಂಜೆಗೆ ಕದನ ವಿರಾಮ! ಆ ಸುದ್ದಿ ಹೊರಟದ್ದು ನಮಗಾಗಿ ಅಲ್ಲ, ಅಮೆರಿಕದ ಕಿವಿಗೆ ಬೀಳಲೆಂದು ಎನ್ನುವುದು ನನ್ನ ಎಣಿಕೆ. ಅದೇ ಆಗಸ್ಟ್‌ನಲ್ಲಿ ಸೇನಾ ಮುಖ್ಯಸ್ಥ ಆಸಿಮ್ ಮುನೀರ್ ಅಮೆರಿಕದಲ್ಲಿ ಕೂತು, ಮುಳುಗಿದರೆ ಅರ್ಧ ಜಗತ್ತನ್ನು ಜೊತೆಗೆ ಒಯ್ಯುತ್ತೇವೆ ಎಂದರೆಂದು ವರದಿಯಾಯಿತು. ಇಬ್ಬರು ರೈಲ್ವೆ ಮಂತ್ರಿಗಳ ಮಾತಿಗಿಂತ ಇದಕ್ಕೆ ತೂಕ ಹೆಚ್ಚು. ಆಡಿದವನ ಕೈಯಲ್ಲಿ ಕೀಲಿ ಇದೆ.

ಬೈದಾಡುವ ಇದೇ ಎರಡು ಸರ್ಕಾರಗಳು 1988ರ ಒಪ್ಪಂದದಂತೆ, 1992ರಿಂದ ಪ್ರತಿ ಜನವರಿ 1ರಂದು ತಮ್ಮ ತಮ್ಮ ಅಣು ಸ್ಥಾವರಗಳ ಪಟ್ಟಿ ಅದಲುಬದಲು ಮಾಡಿಕೊಳ್ಳುತ್ತಿವೆ. ಪರಸ್ಪರರ ಸ್ಥಾವರದ ಮೇಲೆ ದಾಳಿ ಕೂಡದೆಂದು. ಕಾರ್ಗಿಲ್ ವರ್ಷದ ನಂತರವೂ ಅದು ನಿಲ್ಲಲಿಲ್ಲ. ಕೈಗಾದ ಸುತ್ತಲಿನ ನಮ್ಮ ಜನಕ್ಕೆ ಇದನ್ನು ಯಾವ ಚಾನೆಲ್ ಹೇಳಿದೆ?

2002 ನೆನಪಿದೆಯೇ? ಸಂಸತ್ತಿನ ಮೇಲಿನ ದಾಳಿಯ ನಂತರ ಎರಡೂ ಸೇನೆಗಳು ಗಡಿಯಲ್ಲಿ ಎದುರುಬದುರು ನಿಂತಿದ್ದವು. ಮೇ ಕೊನೆಗೆ ಅಮೆರಿಕ ತನ್ನ ಪ್ರಜೆಗಳಿಗೆ ಭಾರತ ಬಿಡಿ ಎಂದಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ವಿದೇಶಿ ಗಿರಾಕಿಗಳು ಕಂಗಾಲು. ಮೆಜೆಸ್ಟಿಕ್‌ನಲ್ಲಿ ನಮ್ಮ ಜನ ಎಂದಿನಂತೆ ಬಸ್ಸಿಗೆ ಓಡುತ್ತಿದ್ದರು. ಯುದ್ಧ ಆಗಲಿಲ್ಲ, ನಾವೇ ಗೆದ್ದೆವು ಅಂದುಕೊಂಡೆವು. ನಮ್ಮದು ಧೈರ್ಯವಲ್ಲ, ನಮಗೆ ಯಾರೂ ಏನೂ ಹೇಳಿರಲಿಲ್ಲ, ಅಷ್ಟೆ.

2025ರಲ್ಲಿ ಹೇಳುವವರು ಹೆಚ್ಚಾದರು. ಸರ್ಗೋಧಾ ಬಳಿಯ ಕಿರಾನಾ ಬೆಟ್ಟದ ಅಣ್ವಸ್ತ್ರ ಉಗ್ರಾಣಕ್ಕೆ ನಮ್ಮವರು ಹೊಡೆದರು, ವಿಕಿರಣ ಸೋರುತ್ತಿದೆ ಎಂದು ವಾಟ್ಸಾಪ್‌ನಲ್ಲಿ ಸುದ್ದಿಯೋ ಸುದ್ದಿ. ಅಲ್ಲಿಗೆ ಹೊಡೆದಿಲ್ಲ ಎಂದು ವಾಯುಪಡೆಯ ಏರ್ ಮಾರ್ಷಲ್ ಭಾರ್ತಿ ಹೇಳಿದರು. ಸೋರಿಕೆ ಇಲ್ಲ ಎಂದು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೇಳಿತು. ಸುದ್ದಿ ನಿಲ್ಲಲಿಲ್ಲ. ಪ್ರೂಫ್ ನೋಡದೆ ಪ್ಲೇಟ್ ಮಾಡಿಸಿದರೆ ನಮ್ಮ ಕಸುಬಿನಲ್ಲಿ ಕಾಗದದ ದುಡ್ಡು ಕೈಯಿಂದ ಹೋಗುತ್ತದೆ. ಇವರಿಗೆ ಯಾವ ನಷ್ಟ?

ಆ ಮೇ ತಿಂಗಳ ಅಣಕು ಕಾರ್ಯಾಚರಣೆಗೆ ನಮ್ಮ ರಾಜ್ಯದಲ್ಲಿ ಬೆಂಗಳೂರು, ಕಾರವಾರ, ರಾಯಚೂರು ಆರಿಸಲ್ಪಟ್ಟವು. ಸೈರನ್ ಕೂಗಿತು, ಜನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಹೇಳಬೇಕಾದ ಸಂಗತಿ ಕಷ್ಟದ್ದೇನಲ್ಲ. ಬಾಂಬು ಬಿದ್ದ ಜಾಗದಿಂದ ದೂರವಿದ್ದು ಬದುಕಿದವರು ಗಟ್ಟಿ ಕಟ್ಟಡದ ಒಳಕೋಣೆ ಸೇರಬೇಕು, ಕಿಟಕಿಯಿಂದ ದೂರ ಇರಬೇಕು, ಮೇಲುಬಟ್ಟೆ ಕಳಚಿಟ್ಟು ಮೈ ತೊಳೆಯಬೇಕು, ಕನಿಷ್ಠ ಒಂದು ದಿನ ಹೊರಗೆ ಕಾಲಿಡಬಾರದು. ಮೊದಲ ಗಂಟೆಗಳಲ್ಲೇ ವಿಕಿರಣದ ಧೂಳು ಅತಿ ಅಪಾಯ. ಇಷ್ಟನ್ನು ರಾಯಚೂರಿನ ರೈತನಿಗೂ ಕಾರವಾರದ ಮೀನುಗಾರ ಹೆಂಗಸಿಗೂ ಅರ್ಥವಾಗುವ ಕನ್ನಡದಲ್ಲಿ ಎರಡು ಪುಟದ ಕರಪತ್ರ ಮಾಡಿ ಪಡಿತರ ಅಂಗಡಿಯಲ್ಲಿ ಹಂಚಲು ಸರ್ಕಾರಕ್ಕೆ ಏನು ಕಷ್ಟ? ಒಂದು ಮಷಿನ್, ಒಂದು ರಾತ್ರಿ ಪಾಳಿ ಕೊಟ್ಟರೆ ಒಂದು ತಾಲ್ಲೂಕಿಗೆ ಸಾಕಾಗುವಷ್ಟು ಅಚ್ಚಾಗುತ್ತದೆ. ಜಿಲ್ಲಾಧಿಕಾರಿಗಳು ಹಸ್ತಪ್ರತಿ ಕಳಿಸಲಿ.