‘ಒಲ್ಲೆ’ ಎನ್ನುವ ಸ್ವಾತಂತ್ರ್ಯ



ಕಾಯಕತತ್ತ್ವದ ಚಿಂತನೆ ನಡೆದಾಗಲೆಲ್ಲ ಕೆಲವು ಭಕ್ತರು ಒಂದು ಪ್ರಶ್ನೆಯನ್ನು ಮುಂದಿಡುವುದುಂಟು: “ಉದ್ಯೋಗ ಖಾತ್ರಿಯಿಂದ ಜನ ಸೋಮಾರಿಗಳಾದರು, ಹೊಲಕ್ಕೆ ಆಳು ಸಿಗದಂತಾಯಿತು. ಇದು ಕಾಯಕಕ್ಕೆ ವಿರುದ್ಧವಲ್ಲವೆ?” ಈ ಪ್ರಶ್ನೆಯ ಹಿಂದೆ ಮುಕ್ತ ಮಾರುಕಟ್ಟೆಯ ಪ್ರತಿಪಾದಕರ ವಾದವಿದೆ. ಕೂಲಿಯನ್ನು ಬೇಡಿಕೆ ಪೂರೈಕೆಗಳೇ ನಿರ್ಧರಿಸಬೇಕು. ಸರ್ಕಾರ ನಡುವೆ ಬಂದರೆ ಕೂಲಿ ಏರಿ ಕೃಷಿ ಸೊರಗುತ್ತದೆ ಎಂಬುದು ಅದರ ಸಾರ. ಈ ವಾದವನ್ನು ಅದರದೇ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮೊದಲು ಸೋಮಾರಿತನದ ಆರೋಪ. 2005ರ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆಯನ್ನು ನೀಡಿತು, ದಾನವನ್ನಲ್ಲ. ಬೇಸಿಗೆಯ ಬಿಸಿಲಿನಲ್ಲಿ ಕೆರೆಯ ಹೂಳೆತ್ತಿದವರು, ಬದು ಹಾಕಿದವರು, ಕೃಷಿಹೊಂಡ ತೋಡಿದವರು ಸೋಮಾರಿಗಳೆ? ಹಾಗೆ ದುಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಅರ್ಥಶಾಸ್ತ್ರಜ್ಞರಾದ ಜಗದೀಶ್ ಭಗವತಿ ಮತ್ತು ಅರವಿಂದ ಪನಗಾರಿಯಾ ಅವರು 2014ರಲ್ಲಿ ಈ ಯೋಜನೆಯನ್ನು ಅದಕ್ಷವೆಂದು ಟೀಕಿಸಿ, ಬಡವರಿಗೆ ನೇರವಾಗಿ ನಗದು ಕೊಡುವುದೇ ಲೇಸೆಂದರು. ದುಡಿಸಿಕೊಂಡು ಕೂಲಿ ಕೊಟ್ಟರೆ ಸೋಮಾರಿತನ ಬೆಳೆಯುತ್ತದೆ ಎಂಬ ಮಾತೂ, ದುಡಿಸಿಕೊಳ್ಳದೆಯೇ ಹಣ ಕೊಡಿ ಎಂಬ ಮಾತೂ ಒಂದೇ ಪಕ್ಷದಲ್ಲಿ ಹೇಗೆ ನಿಂತಾವು?

ಇನ್ನು ಮುಕ್ತತೆಯ ಮಾತು. ವ್ಯಾಪಾರ ಮುಕ್ತವೆನಿಸಬೇಕಾದರೆ ಎರಡೂ ಕಡೆಯವರಿಗೆ ಎದ್ದುಹೋಗುವ ಸ್ವಾತಂತ್ರ್ಯವಿರಬೇಕು. ಜೋಳ ಮಾರಲು ಸಂತೆಗೆ ಹೋದವನು ದರ ಒಗ್ಗದಿದ್ದರೆ ಚೀಲವನ್ನು ಮನೆಗೆ ಮರಳಿ ತಂದಾನು. ಕೂಲಿಕಾರನು ಮಾರುವುದು ಇಂದಿನ ದಿನವನ್ನು. ಅದನ್ನು ನಾಳೆಗೆ ಕೂಡಿಡಲಾಗದು. ಊರಿನಲ್ಲಿ ಕೆಲಸ ಕೊಡುವ ಮನೆಗಳು ನಾಲ್ಕೇ ಇದ್ದು, ತನ್ನ ಮನೆಯಲ್ಲಿ ಸಂಜೆಯ ಗಂಜಿಗೂ ಗತಿಯಿಲ್ಲದಾಗ ಅವನು ಒಪ್ಪಿದ್ದು ಮಾರುಕಟ್ಟೆಯ ದರವಲ್ಲ, ಹಸಿವಿನ ದರ. ಅಂಥವನಿಗೆ ‘ಒಲ್ಲೆ’ ಎನ್ನುವ ಶಕ್ತಿಯನ್ನು ಕೊಟ್ಟದ್ದೇ ಉದ್ಯೋಗ ಖಾತ್ರಿಯ ನಿಜವಾದ ಸಾಧನೆ.

ಇದು ಬರಿಯ ತರ್ಕವಲ್ಲ. ಅವಿಭಜಿತ ಆಂಧ್ರಪ್ರದೇಶದಲ್ಲಿ ಬಯೋಮೆಟ್ರಿಕ್ ಕಾರ್ಡುಗಳ ಮೂಲಕ ಯೋಜನೆಯ ಕೂಲಿ ಪಾವತಿಯನ್ನು ಸುಧಾರಿಸಲಾಯಿತು. ಅದರ ಪರಿಣಾಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿದರು. ಬಡ ಕುಟುಂಬಗಳ ಗಳಿಕೆ ಶೇ. 14ರಷ್ಟು ಏರಿತ್ತು, ಆ ಏರಿಕೆಯ ಬಹುಪಾಲು ಖಾಸಗಿ ದುಡಿಮೆಯಿಂದಲೇ ಬಂದಿತ್ತು. ಖಾಸಗಿ ಕೂಲಿ ಏರಿದರೂ ಖಾಸಗಿ ಕೆಲಸ ಕುಗ್ಗಲಿಲ್ಲ, ಹೆಚ್ಚಿತು.

ನಕಲಿ ಹಾಜರಿ, ಯಂತ್ರದಿಂದ ಅಗೆಸಿ ಆಳುಗಳ ಹೆಸರು ಬರೆಯುವುದು, ತಿಂಗಳುಗಟ್ಟಲೆ ಬಾರದ ಕೂಲಿ – ಇವೆಲ್ಲ ನಿಜವಾದ ದೋಷಗಳೇ. ಆದರೆ ಕಳ್ಳನಿದ್ದಾನೆಂದು ಕಣಜಕ್ಕೇ ಬೆಂಕಿಯಿಡುವವರುಂಟೆ? ಕೂಲಿ ಏರಿ ಬೆಳೆಯ ಬೆಲೆ ಏರದಿದ್ದಾಗ ಸಣ್ಣ ರೈತ ಪಡುವ ಸಂಕಟವೂ ನಿಜ. ಅದಕ್ಕೆ ಪರಿಹಾರ ಬೆಳೆಗೆ ತಕ್ಕ ಬೆಲೆ, ನೆರೆಯವನ ಹಸಿವಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಸ್ಥಾನಕ್ಕೆ ವಿಬಿ-ಜಿ ರಾಮ್ ಜಿ ಎಂಬ ಹೊಸ ಕಾಯ್ದೆಯನ್ನು ತಂದಿತು. ಅದರಲ್ಲಿ ಕೆಲಸದ ದಿನಗಳು 125ಕ್ಕೆ ಏರಿವೆ. ಆದರೆ ಬಿತ್ತನೆ ಕೊಯ್ಲುಗಳ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಬೇಕೆಂಬ ವಿಧಿಯೂ ಸೇರಿದೆ. ದುಡಿಮೆಗೆ ಅತಿ ಹೆಚ್ಚು ಬೆಲೆ ಬರುವ ದಿನಗಳಲ್ಲೇ ಕೂಲಿಕಾರನ ಮುಂದಿದ್ದ ಇನ್ನೊಂದು ಬಾಗಿಲನ್ನು ಸರ್ಕಾರವೇ ಮುಚ್ಚುವುದು ಯಾವ ಮುಕ್ತತೆ? ಸರ್ಕಾರದ ಹಸ್ತಕ್ಷೇಪವನ್ನು ಖಂಡಿಸುವವರು ಮೊದಲು ಖಂಡಿಸಬೇಕಾದುದು ಈ ಹಸ್ತಕ್ಷೇಪವನ್ನಲ್ಲವೆ?

ಮನವೊಪ್ಪಿ ಮಾಡಿದ್ದು ಕಾಯಕ, ಬೇರೆ ದಾರಿಯಿಲ್ಲದೆ ಮಾಡಿದ್ದು ಜೀತ. ಒಲ್ಲೆನೆನ್ನಲು ಬಾರದವನಿಂದ ಪಡೆದ ದುಡಿಮೆಯನ್ನು ಕಾಯಕವೆಂದು ಕರೆಯುವ ಅಧಿಕಾರ ನಮಗಿಲ್ಲ. ಮುಂದಿನ ಸುಗ್ಗಿಯಲ್ಲಿ ಆಳು ಸಿಗಲಿಲ್ಲವೆಂದು ನೊಂದುಕೊಳ್ಳುವ ಮುನ್ನ, ನಾವು ಕೊಡಹೊರಟ ಕೂಲಿಗೆ ನಮ್ಮ ಮಕ್ಕಳನ್ನು ಕಳುಹಿಸುತ್ತಿದ್ದೆವೆ ಎಂದು ಕೇಳಿಕೊಳ್ಳೋಣ.